ಮೇಜು ಯಾಕೆ ತಳ್ಳಿದ?

ನನ್ನ ಮಗನಿಗೆ ಆಟಿಸಂ ಇದೆ, ಇಲ್ಲೇ ಪುಣೆಯಲ್ಲಿ ಎರಡನೇ ಕ್ಲಾಸು. ಹೋದ ವರ್ಷ ಸ್ಕೂಲಿಂದ ವಾರಕ್ಕೆ ಮೂರು ಸಲ ಫೋನ್: "ಮೇಜು ತಳ್ಳಿದ, ಬಂದು ಕರ್ಕೊಂಡು ಹೋಗಿ." ಮನೇಲಿ ಬೈದೆ. ಒಂದ್ಸಲ ಕೈಯೂ ಎತ್ತಿದೆ, ಹೇಳೋಕೆ ನಾಚಿಕೆ.

ಆಮೇಲೆ ಒಬ್ಬರು ಬಿಹೇವಿಯರ್ ಅನಾಲಿಸ್ಟ್ ಬಂದರು. ಎರಡು ವಾರ ಅವನನ್ನ ತಿದ್ದೋಕೆ ಹೋಗಲೇ ಇಲ್ಲ. ಹಿಂದಿನ ಬೆಂಚಲ್ಲಿ ಕೂತು ಮೂರು ಕಾಲಂ ತುಂಬಿಸಿದರು: ಮುಂಚೆ ಏನಾಯ್ತು, ಅವನೇನು ಮಾಡಿದ, ಆಮೇಲೆ ಏನು ಸಿಕ್ತು. ನಮ್ಮ ಲಾಗ್ ಫೈಲ್ ಇದ್ದ ಹಾಗೆ. ನೋಡಿದರೆ, ಹೆಚ್ಚುಕಮ್ಮಿ ಪ್ರತಿ ಸಲವೂ ಬೋರ್ಡ್ ನೋಡಿ ಬರೆದುಕೊಳ್ಳೋ ಹೊತ್ತು. ಮೇಜು ತಳ್ಳಿದ ಕೂಡಲೇ ಅವನನ್ನ ಹೊರಗೆ ಕಳಿಸ್ತಿದ್ರು. ಶಿಕ್ಷೆ ಅಂತ ಕೊಟ್ಟಿದ್ದೇ ಅವನಿಗೆ ಬೇಕಾಗಿದ್ದ ಬಿಡುವು!

ಅವರು ಒಂದು ಕಾರ್ಡ್ ಕೊಡೋದನ್ನ ಕಲಿಸಿದರು: "ಸ್ವಲ್ಪ ಬಿಡುವು ಬೇಕು." ಕೊಟ್ಟರೆ ಎರಡು ನಿಮಿಷ ಬಿಡುವು, ಆಮೇಲೆ ಮತ್ತೆ ಬರವಣಿಗೆ, ಆದರೆ ಕಡಿಮೆ ಸಾಲು. ಅಮೆರಿಕದ ಕಾರ್ ಮತ್ತು ಡ್ಯುರಾಂಡ್ 1985ರಲ್ಲೇ ಈ ದಾರಿ ತೋರಿಸಿದ್ದರು. ನಿಜವಾದ ಕಷ್ಟ ಟೀಚರ್‌ಗೆ. ನಲವತ್ತು ಮಕ್ಕಳ ನಡುವೆ ಪ್ರತಿ ಸಲ ಆ ಕಾರ್ಡಿಗೆ ಬೆಲೆ ಕೊಡಬೇಕಲ್ಲ.

ಮೇಜು ಈಗಲೂ ಆಗಾಗ ಬೀಳತ್ತೆ. ಹೋದ ಭಾನುವಾರ ಹೋಂವರ್ಕ್ ಮಾಡಿಸ್ತಾ ನನ್ನ ದನಿ ಏರಿತು. ಅವನು ಬ್ಯಾಗಿಂದ ಕಾರ್ಡ್ ತೆಗೆದು ನನ್ನ ಕೈಗೆ ಕೊಟ್ಟ.