ಮೋಟಾರ್ ಸೈಕಲ್ಲಿನ ಕ್ಲಚ್ ಜಾರಿದರೆ ಏನು ನೋಡಬೇಕು?

(ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳ ರೈತರ ಮುಂದೆ ಮಾಡಿದ ಭಾಷಣ)



ಹಿಂದೆ ಚಕ್ಕಡಿ ಮಾಡುತ್ತಿದ್ದ ಎಷ್ಟೋ ಕೆಲಸವನ್ನು ಇಂದು ಮೋಟಾರ್ ಸೈಕಲ್ಲು ಮಾಡುತ್ತಿದೆ. ಹಾಲಿನ ಕ್ಯಾನು, ಮೇವಿನ ಹೊರೆ, ಗೊಬ್ಬರದ ಚೀಲ, ಸಂತೆಗೆ ಹೊರಟ ಮನೆಯವರು, ಎಲ್ಲ ಭಾರವೂ ಅದರ ಮೇಲೆಯೇ. ಗೋಕಾಕದಿಂದ ಜಲಪಾತದ ಕಡೆಗೆ ಏರು ಹತ್ತುವಾಗ ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಸಾಗದು. ಕೆಲವು ವೇಳೆ ಸುಟ್ಟ ವಾಸನೆಯೂ ಬರುತ್ತದೆ. ಇದಕ್ಕೆ ಕ್ಲಚ್ ಜಾರುವುದು ಎನ್ನುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರಿನ ಟ್ರ್ಯಾಕ್ಟರನ್ನು ದಾಟುವಾಗ ನಡುವೆ ಹೀಗಾದರೆ ಜೀವಕ್ಕೇ ಅಪಾಯ.

ಹಿಟ್ಟಿನ ಗಿರಣಿಯ ಪಟ್ಟಾ ನೋಡಿದವರಿಗೆ ಕ್ಲಚ್ಚಿನ ಕೆಲಸ ಸುಲಭವಾಗಿ ತಿಳಿದೀತು. ಪಟ್ಟಾ ಜಾರಿದರೆ ಮೋಟಾರು ತಿರುಗಿದರೂ ಕಲ್ಲು ತಿರುಗದು. ಕ್ಲಚ್ಚಿನಲ್ಲಿ ಪಟ್ಟಾದ ಬದಲು ಒಂದಕ್ಕೊಂದು ತಾಗಿದ ತಟ್ಟೆಗಳುಂಟು. ಸ್ಪ್ರಿಂಗುಗಳು ಅವನ್ನು ಒತ್ತಿ ಹಿಡಿದಿರುತ್ತವೆ. ಎಡಗೈಯ ಲಿವರ್ ಎಳೆದಾಗ ವಾಯರು ಆ ಒತ್ತಡವನ್ನು ತೆಗೆಯುತ್ತದೆ. ಹೊಸಬರು ತಪ್ಪುವುದು ಇಲ್ಲಿಯೇ. ಕ್ಲಚ್ ಜಾರಿತೆಂದರೆ ವಾಯರು ಬಿಗಿ ಮಾಡಲು ಹೋಗುತ್ತಾರೆ. ವಾಯರು ಬಿಗಿಯಾದಷ್ಟೂ ತಟ್ಟೆಗಳ ಹಿಡಿತ ತಪ್ಪುತ್ತದೆ. ಆದುದರಿಂದ ಜಾರುವ ಕ್ಲಚ್ಚಿಗೆ ವಾಯರನ್ನು ಸಡಿಲ ಬಿಡಬೇಕು.

ಮೊದಲು ರೋಗ ಇದೇ ಹೌದೋ ಎಂದು ಪರೀಕ್ಷಿಸಿರಿ. ಜನರಿಲ್ಲದ ಸಮನಾದ ರಸ್ತೆಯಲ್ಲಿ ಮೇಲಿನ ಗೇರಿನಲ್ಲಿ ಸುಮಾರು 40 ಕಿಲೋಮೀಟರು ವೇಗದಲ್ಲಿ ಹೋಗುತ್ತ ಆಕ್ಸಿಲರೇಟರ್ ತಿರುವಿರಿ. ಸದ್ದು ಒಮ್ಮೆಲೇ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಸದ್ದೂ ಏರದಿದ್ದರೆ ದೋಷ ಇಂಜಿನ್ನಿನದು. ಹಿಂದಿನಿಂದ ಕಟಕಟ ಸದ್ದು ಬಂದರೆ ಚೈನನ್ನು ನೋಡಿರಿ. ಈ ಪರೀಕ್ಷೆಯನ್ನು ಮೇಲಿಂದ ಮೇಲೆ ಮಾಡಬೇಡಿರಿ, ತಟ್ಟೆ ಸುಟ್ಟೀತು.

ಒಂದನೆಯದಾಗಿ ವಾಯರು. ಇಂಜಿನ್ ನಿಲ್ಲಿಸಿ, ಆರಿದ ಮೇಲೆ ಲಿವರನ್ನು ಬೆರಳಿನಿಂದ ಎಳೆಯಿರಿ. ಬಹುತೇಕ ಗಾಡಿಗಳಲ್ಲಿ ಅದರ ತುದಿ 1ರಿಂದ 2 ಸೆಂಟಿಮೀಟರು ಸುಮ್ಮನೆ ಆಡಬೇಕು; ಸರಿಯಾದ ಅಳತೆ ಗಾಡಿಯ ಪುಸ್ತಕದಲ್ಲಿರುತ್ತದೆ. ಆಟವಿಲ್ಲದಿದ್ದರೆ ಲಿವರಿನ ಬುಡದ ಲಾಕ್ ನಟ್ಟು ಸಡಿಲಿಸಿ, ತಿರುಪನ್ನು ಒಳಕ್ಕೆ ತಿರುವಿರಿ. ಸಾಲದಿದ್ದರೆ ವಾಯರಿನ ಕೆಳತುದಿಯ ತಿರುಪಿನಲ್ಲಿ ಸರಿಪಡಿಸಿರಿ. ನಟ್ಟು ಬಿಗಿದು, ಹ್ಯಾಂಡಲನ್ನು ಎರಡೂ ಕಡೆ ಹೊರಳಿಸಿ ಆಟ ಉಳಿದಿದೆಯೇ ನೋಡಿರಿ. ಎಳೆ ಹರಿದ ವಾಯರನ್ನು ಬದಲಿಸಿರಿ. ಆಟ ಅತಿಯಾದರೆ ಗೇರು ಸರಿಯಾಗಿ ಬೀಳದು.

ಎರಡನೆಯದಾಗಿ ಎಣ್ಣೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರ ವರೆಗೆ ತಯಾರಿಸಿದ ಗಾಡಿಗಳನ್ನು ಹಿರಿಯರು ಬಲ್ಲರು. ಅವುಗಳಲ್ಲಿ ಸಾಮಾನ್ಯವಾಗಿ ಇಂಜಿನ್ ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸುತ್ತಿದ್ದರು. ಗೇರಿನ ಎಣ್ಣೆ ಬೇರೆ. ಇಂದಿನ ಹೆಚ್ಚಿನ ಗಾಡಿಗಳಲ್ಲಿ ಇಂಜಿನ್, ಗೇರು, ಕ್ಲಚ್ಚು ಮೂರಕ್ಕೂ ಎಣ್ಣೆ ಒಂದೇ. ಮನೆಯಲ್ಲಿದೆಯೆಂದು ಕಾರಿನ ಅಥವಾ ಟ್ರ್ಯಾಕ್ಟರಿನ ಎಣ್ಣೆ ಸುರಿಯಬೇಡಿರಿ. ಕಾರಿನ ಕೆಲವು ಎಣ್ಣೆಗಳಲ್ಲಿ ನುಣುಪು ಹೆಚ್ಚಿಸುವ ದ್ರವ್ಯಗಳಿದ್ದು, ತಟ್ಟೆಗಳು ಜಾರುತ್ತವೆ. ಡಬ್ಬಿಯ ಮೇಲೆ ‘ಜೆ.ಎ.ಎಸ್.ಒ. ಎಂ.ಎ.’ ಅಥವಾ ‘ಎಂ.ಎ. 2’ ಎಂದಿರುವುದನ್ನು ಕೊಳ್ಳಿರಿ. ‘ಎಂ.ಬಿ.’ ಎಂದಿರುವುದು ಗೇರಿಲ್ಲದ ಸ್ಕೂಟರುಗಳಿಗೆ.

ಮೂರನೆಯದಾಗಿ ತಟ್ಟೆಗಳು. ವಾಯರಿನ ಆಟ, ಎಣ್ಣೆ ಎರಡೂ ಸರಿಯಿದ್ದು ಇನ್ನೂ ಜಾರಿದರೆ ತಟ್ಟೆ ಸವೆದಿರಬಹುದು, ಇಲ್ಲವೆ ಸ್ಪ್ರಿಂಗು ಸೋತಿರಬಹುದು. ಇದು ಮಿಸ್ತ್ರಿಯ ಕೆಲಸ. ತಟ್ಟೆಯ ದಪ್ಪವನ್ನೂ ಸ್ಪ್ರಿಂಗಿನ ಉದ್ದವನ್ನೂ ಅಳೆದು ನೋಡಲು ಹೇಳಿರಿ. ಹೊಸ ತಟ್ಟೆಗಳನ್ನು ಎಣ್ಣೆಯಲ್ಲಿ ನೆನೆಸಿ ಹಾಕತಕ್ಕದ್ದು.

ಕೊನೆಗೆ ರೂಢಿಯ ಮಾತು. ಲಿವರಿನ ಮೇಲೆ ಸದಾ ಬೆರಳಿಟ್ಟು ಓಡಿಸಬೇಡಿರಿ. ಏರಿನಲ್ಲಿ ನಿಂತಾಗ ಗಾಡಿಯನ್ನು ಬ್ರೇಕಿನಿಂದ ಹಿಡಿಯಿರಿ, ಅರ್ಧ ಕ್ಲಚ್ಚಿನಿಂದಲ್ಲ. ಕಾಲುವೆ ದಂಡೆಯ ಎರೆಮಣ್ಣಿನಲ್ಲಿ ಚಕ್ರ ಹುಗಿದರೆ ಹೊರೆ ಇಳಿಸಿ, ಇಳಿದು ತಳ್ಳಿರಿ. ಅರ್ಧ ಕ್ಲಚ್ಚಿನಲ್ಲಿ ಕೂಗಿಸಿದರೆ ತಟ್ಟೆ ಬೇಗ ಸುಡುತ್ತದೆ. ಜಾರುವ ಗಾಡಿಯಲ್ಲಿ ಮಡದಿ ಮಕ್ಕಳನ್ನು ಕೂರಿಸಿಕೊಂಡು ಏರು ಹತ್ತಬೇಡಿರಿ. ನಾಳೆ ಹಾಲು ಹಾಕಲು ಹೊರಡುವ ಮೊದಲು ಲಿವರಿನ ಆಟವನ್ನೊಮ್ಮೆ ನೋಡಿರಿ. ಅದಕ್ಕೆ ಕಾಸೂ ಬೇಡ, ಮಿಸ್ತ್ರಿಯೂ ಬೇಡ.