ಬೆಳೆ ಪರಿಶೀಲನೆಗೆ ಡ್ರೋನ್ ಚಿತ್ರ



ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಧ್ಯ ಒಣ ವಲಯಕ್ಕೆ ಸೇರಿವೆ. ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವವರು ಇಲ್ಲಿ ಬಹಳ. ಊಡು ಇಳಿಯುವ ಕಾಲದಲ್ಲಿ ಹೊಲದ ನಡುವೆ ಅಲ್ಲಲ್ಲಿ ಗಿಡ ಸೊರಗಿದರೆ ಬದುವಿನ ಮೇಲೆ ನಿಂತವರಿಗೆ ಅದು ಬೇಗ ಕಾಣಿಸುವುದಿಲ್ಲ. ಇದನ್ನು ಮೇಲಿನಿಂದ ತೋರಿಸಬಲ್ಲ ಸಾಧನವೇ ಡ್ರೋನ್, ಅಂದರೆ ಚಾಲಕನಿಲ್ಲದ ಕಿರು ವಿಮಾನ. 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಕರ್ನಾಟಕದ ಹಳ್ಳಿಗಳ ವಾಸದ ಜಾಗಗಳನ್ನು ಅಳೆಯಲು ಬಳಸಿದ್ದು ಇದನ್ನೇ.

ಡ್ರೋನ್ ಹೊಲದ ಮೇಲೆ ಸಾಲು ಹಿಡಿದು ಹಾರುತ್ತಾ ಚಿತ್ರ ತೆಗೆಯುತ್ತದೆ. ಅವನ್ನು ಗಣಕಯಂತ್ರದಲ್ಲಿ ಜೋಡಿಸಿದರೆ ಇಡೀ ಹೊಲದ ನಕ್ಷೆ ದೊರೆಯುತ್ತದೆ. ಆರೋಗ್ಯವಾದ ಎಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಗಿಡ ಸೊರಗಿದಾಗ ಈ ಪ್ರಮಾಣ ಬದಲಾಗುತ್ತದೆ. ವಿಶೇಷ ಕ್ಯಾಮೆರಾ ಈ ವ್ಯತ್ಯಾಸವನ್ನು ಹಿಡಿಯುತ್ತದೆ. ಬಿಸಿಲು ನೆತ್ತಿಯ ಸಮೀಪವಿರುವ, ಗಾಳಿ ಕಡಿಮೆಯಿರುವ ಹೊತ್ತಿನಲ್ಲಿ ಚಿತ್ರ ತೆಗೆಸುವುದು ಒಳ್ಳೆಯದು.

ಆದರೆ ಚಿತ್ರ ತೋರಿಸುವುದು ಸೊರಗಿದ ಜಾಗವನ್ನೇ ಹೊರತು ಅದರ ಕಾರಣವನ್ನಲ್ಲ. ತೇವದ ಕೊರತೆ, ಕಬ್ಬಿಣಾಂಶದ ಕೊರತೆ, ಗೊಣ್ಣೆಹುಳು, ಎಲೆಚುಕ್ಕೆ ರೋಗ ಇವೆಲ್ಲ ಮೇಲಿನಿಂದ ಒಂದೇ ಬಗೆಯ ಮಚ್ಚೆಗಳಾಗಿ ಕಾಣಬಹುದು. ಚಿತ್ರವೊಂದನ್ನೇ ನಂಬಿ ಇಡೀ ಹೊಲಕ್ಕೆ ಔಷಧಿ ಹೊಡೆದರೆ ಹಣವೂ ಹೋದೀತು, ಬೆಳೆಯೂ ಹೋದೀತು. ಆದುದರಿಂದ ನಕ್ಷೆ ಹಿಡಿದು ಮಚ್ಚೆಯಿರುವ ಜಾಗಕ್ಕೆ ನಡೆದು ಹೋಗಬೇಕು. ಬಾಡಿದ ಗಿಡವನ್ನು ಕಿತ್ತು, ಹುಳು ಬೇರು ತಿಂದಿದೆಯೇ ಎಂದು ನೋಡಬೇಕು. ಎಳೆಯ ಎಲೆಯಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗಿದ್ದರೆ ಅದು ಕಬ್ಬಿಣಾಂಶದ ಕೊರತೆಯ ಗುರುತು. ಕೆಳಗಿನ ಎಲೆಗಳಲ್ಲಿ ಕಂದು ಅಥವಾ ಕಪ್ಪು ಚುಕ್ಕೆಗಳಿದ್ದರೆ ಎಲೆಚುಕ್ಕೆ ರೋಗವನ್ನು ಶಂಕಿಸಬೇಕು. ಮಣ್ಣು ಅಗೆದು ತೇವವನ್ನೂ ಪರೀಕ್ಷಿಸಬೇಕು. ಚೆನ್ನಾಗಿರುವ ಜಾಗದ ಗಿಡವೊಂದನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಕಾಡಿಗೂ ಇದೇ ಮಾತು ಅನ್ವಯಿಸುತ್ತದೆ. ಬೆಂಕಿ ಬಿದ್ದ ಜಾಗ, ಬರಿದಾದ ಇಳಿಜಾರು ಚಿತ್ರದಲ್ಲಿ ಕಾಣುತ್ತವೆ. ದಟ್ಟ ಮರಗಳ ಕೆಳಗಿನ ಸಸಿ ಕಾಣುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಡ್ರೋನ್ ಸದ್ದಿಗೆ ಇವು ಬೆದರುತ್ತವೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಇಂಥ ಕಡೆ ಹಾರಿಸಕೂಡದು.

2021ರ ಡ್ರೋನ್ ನಿಯಮಗಳಂತೆ, 250 ಗ್ರಾಂಗಿಂತ ಭಾರದ ಡ್ರೋನನ್ನು ಬಾಡಿಗೆಗೆ ಹಾರಿಸುವವರಲ್ಲಿ ಚಾಲನಾ ಪ್ರಮಾಣಪತ್ರವಿರಬೇಕು. ಅದನ್ನು ಕೇಳಿ ನೋಡಿ. ಸಣ್ಣ ಹಿಡುವಳಿದಾರರು ಯಂತ್ರ ಕೊಳ್ಳಬೇಕಾಗಿಲ್ಲ. ಅಕ್ಕಪಕ್ಕದ ಹೊಲದವರು ಕೂಡಿ ಬಾಡಿಗೆಗೆ ತರಿಸಿದರೆ ಖರ್ಚು ಹಂಚಿಹೋಗುತ್ತದೆ. ಕಾರಣ ತಿಳಿಯದಿದ್ದಲ್ಲಿ ಔಷಧಿ ಕೊಳ್ಳುವ ಮೊದಲು ನಕ್ಷೆಯನ್ನೂ ಬೇರುಸಹಿತ ಗಿಡವನ್ನೂ ಹತ್ತಿರದ ರೈತ ಸಂಪರ್ಕ ಕೇಂದ್ರಕ್ಕೆ ಒಯ್ದು ಸಲಹೆ ಪಡೆಯಿರಿ.