ಎಂಜಿನ್ನಿನ ಉಸಿರಿನ ದಾರಿ

(ಸುವರ್ಣ ಮಹೋತ್ಸವದ ಗುರುವಂದನಾ ಸಭೆಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಈ ಶಾಲೆಯಲ್ಲಿ ವಿಜ್ಞಾನದಲ್ಲಿ ಎರಡು ಸಲ ಫೇಲಾದವನು. ಈಗ ಬೆಂಗಳೂರಿನಲ್ಲಿ ರ‍್ಯಾಲಿ ಗಾಡಿಗಳ ಎಂಜಿನ್ ಹೆಡ್ ಪೋರ್ಟಿಂಗ್ ಮಾಡುತ್ತೇನೆ. ಹಾಗೆಂದರೇನು ಎಂದು ಊರಿನವರು ಕೇಳುತ್ತಿರುತ್ತಾರೆ. ಎಂಜಿನ್ನಿನ ತಲೆಭಾಗದಲ್ಲಿ ಗಾಳಿ ಒಳಗೆ ಹೋಗಲು, ಹೊಗೆ ಹೊರಗೆ ಬರಲು ದಾರಿಗಳಿವೆ. ಅವೇ ಪೋರ್ಟುಗಳು. ಅವುಗಳ ಆಕಾರ ತಿದ್ದುವುದು ನನ್ನ ಕಸುಬು.

ಗ್ಯಾರೇಜು ಸೇರಿದ ಮೂರನೇ ವರ್ಷ ಮಾಲೀಕರು ಒಂದು ಜಿಪ್ಸಿಯ ಹೆಡ್ ನನ್ನ ಕೈಗೆ ಕೊಟ್ಟರು. ದಾರಿ ದೊಡ್ಡದಾದಷ್ಟೂ ಗಾಳಿ ಹೆಚ್ಚು ಹೋಗುತ್ತದೆ ಎಂದುಕೊಂಡು ರಾತ್ರಿಯೆಲ್ಲ ಗ್ರೈಂಡರ್ ಹಿಡಿದು ಕೊರೆದೆ. ಕನ್ನಡಿಯಂತೆ ಪಾಲಿಶ್ ಮಾಡಿದೆ. ಗಾಡಿ ಮೊದಲಿಗಿಂತ ಮಂದವಾಯಿತು, ಏರಿನಲ್ಲಿ ಎಳೆಯಲೇ ಇಲ್ಲ. ಕೊರೆದು ಹೋದ ಅಲ್ಯೂಮಿನಿಯಂ ಮರಳಿ ಬರುವುದಿಲ್ಲವಲ್ಲ. ಹೊಸ ಹೆಡ್ಡಿನ ದುಡ್ಡನ್ನು ಹತ್ತು ತಿಂಗಳು ಸಂಬಳದಲ್ಲಿ ತೀರಿಸಿದೆ. ಮನೆಗೆ ದುಡ್ಡು ಕಳಿಸಲಾಗದೆ ಅಪ್ಪನಿಗೆ ಸುಳ್ಳು ಹೇಳಿದೆ.

ಆಗ ನೆನಪಾದದ್ದು ನಮ್ಮ ವಿಜ್ಞಾನದ ಮೇಷ್ಟ್ರು. ಶಾಲೆಯ ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ನೀರು ದೂರ ಚಿಮ್ಮುವುದನ್ನು ತೋರಿಸಿದ್ದರು. ದಾರಿ ಕಿರಿದಾದರೆ ವೇಗ ಹೆಚ್ಚು. ನಾನು ದಾರಿ ಅಗಲಿಸಿ ಗಾಳಿಯ ವೇಗವನ್ನೇ ಕೊಂದಿದ್ದೆ.

ಆ ವೇಗ ಯಾಕೆ ಬೇಕು? ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ ಗಾಳಿಯ ವಾಲ್ವ್ ಸೆಕೆಂಡಿಗೆ 50 ಸಲ ತೆರೆಯುತ್ತದೆ. ಪಿಸ್ಟನ್ ಕೆಳಗೆ ಮುಟ್ಟಿ ಮೇಲೇರತೊಡಗಿದರೂ ವಾಲ್ವ್ ಇನ್ನೂ ಸ್ವಲ್ಪ ಹೊತ್ತು ತೆರೆದಿರುತ್ತದೆ. ರಭಸವಿರುವ ಗಾಳಿ ಆಗಲೂ ಒಳಗೆ ನುಗ್ಗುತ್ತದೆ. ರಭಸವಿಲ್ಲದ ಗಾಳಿ ಹಿಂದಕ್ಕೆ ಬರುತ್ತದೆ.

ಇನ್ನೊಂದು ಗುಟ್ಟು ತಿರುವಿನಲ್ಲಿದೆ. ಪೋರ್ಟು ವಾಲ್ವಿನ ಹತ್ತಿರ ಕೆಳಕ್ಕೆ ಬಾಗುತ್ತದೆ. ಘಾಟಿಯ ತಿರುವಿನಲ್ಲಿ ಜೋರಾಗಿ ಬಂದ ಬಸ್ಸು ಒಳಮಗ್ಗುಲು ಬಿಟ್ಟು ಹೊರಕ್ಕೆ ಸರಿಯುವ ಹಾಗೆ, ಗಾಳಿಯೂ ಚೂಪಾದ ಒಳತಿರುವನ್ನು ಬಿಟ್ಟು ದೂರ ಹಾರುತ್ತದೆ. ಅಲ್ಲಿ ಸುಳಿ ಏಳುತ್ತದೆ, ವಾಲ್ವಿನ ಆ ಬದಿ ದಂಡವಾಗುತ್ತದೆ. ಅದಕ್ಕೇ ಒಳತಿರುವನ್ನು ಮೆಲ್ಲಗೆ ದುಂಡಗೆ ಮಾಡಬೇಕು. ನಾನೀಗ ಕೊರೆಯುವ ಮೊದಲು ಜೇಡಿಮಣ್ಣು ಮೆತ್ತಿ ಆಕಾರ ಬದಲಿಸಿ, ಫ್ಲೋ ಬೆಂಚಿನಲ್ಲಿ ಗಾಳಿ ಅಳೆಯುತ್ತೇನೆ. ಎಷ್ಟೋ ಸಲ ದಾರಿಯನ್ನು ಕಿರಿದು ಮಾಡಿದ್ದೇ ಲಾಭವಾಗಿದೆ. ಒಳದಾರಿಗೆ ಕನ್ನಡಿಯ ಹೊಳಪು ಬೇಕಿಲ್ಲ. ಹೊಗೆಯ ದಾರಿ ನುಣುಪಾಗಿದ್ದರೆ ಮಸಿ ಕೂರುವುದು ಕಡಿಮೆ.

ಮಕ್ಕಳೇ, ಕೊರೆಯುವ ಮೊದಲು ಅಳೆಯಿರಿ. ನನ್ನ ಕಸುಬು ಕಲಿಸಿದ್ದು ಇಷ್ಟೇ.

ಆ ಕೆಟ್ಟ ಹೆಡ್ಡನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದೆ. ಒಳಗಿನ ದಾರಿ ಕಾಣುವಂತೆ ಅದನ್ನು ಕೊಯ್ಸಿ ತಂದಿದ್ದೇನೆ. ಮೇಷ್ಟ್ರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಸರ್, ಇದು ನಿಮ್ಮ ವಿಜ್ಞಾನದ ಕೊಠಡಿಗೆ. ನಾನು ಫೇಲಾದ ಪಾಠ ಇದರಲ್ಲಿದೆ.